ಆಗ್ನೇಯ ಅಲ್ಲ, ವಾಯವ್ಯ

ಪ್ರೀತಿಯ ಮಂಜು,

ನಿನ್ನೆ ಫೋನಿನಲ್ಲಿ ಮಗಳ ವೆಕ್ಟರ್ ಲೆಕ್ಕದ ಬಗ್ಗೆ ಕೇಳಿದೆಯಲ್ಲ, ಬಸ್ಸಿನ ಗದ್ದಲದಲ್ಲಿ ನಾನು ಹೇಳಿದ್ದು ಅರ್ಧವೂ ಕೇಳಿಸಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೂ ತೋರಿಸು.

ವೆಕ್ಟರ್ ಅಂದರೆ ಉದ್ದವೂ ದಿಕ್ಕೂ ಇರುವ ಒಂದು ಬಾಣ. ಎರಡು ಬಾಣ ಕೂಡಿದಾಗ ಬರುವ ಮೊತ್ತದ ದಿಕ್ಕು ಬೇಕೆಂದು ಅವಳು ಎರಡರ ಕೋನಗಳ ಸರಾಸರಿ ತೆಗೆದಿದ್ದಾಳೆ. ಉದ್ದ ಒಂದೇ ಇದ್ದರೆ ಕೆಲವೊಮ್ಮೆ ನಡೆಯುತ್ತದೆ, ಅಷ್ಟೇ. ಪೂರ್ವವನ್ನು ಸೊನ್ನೆ ಅಂತ ಇಟ್ಟುಕೊಂಡು ಉತ್ತರದ ಕಡೆಗೆ ಎಣಿಸು. ಒಂದು 10 ಡಿಗ್ರಿ, ಇನ್ನೊಂದು 350. ಎರಡೂ ಹೆಚ್ಚುಕಡಿಮೆ ಪೂರ್ವಕ್ಕೇ ಮುಖ ಮಾಡಿವೆ. ಸರಾಸರಿ ಮಾತ್ರ 180, ನೇರ ಪಶ್ಚಿಮ! ಇಬ್ಬರು ಸೇರಿ ಗಾಡಿಯನ್ನು ಮುಂದಕ್ಕೆ ಎಳೆದರೆ ಅದು ಹಿಂದಕ್ಕೆ ಹೋದ ಹಾಗಾಯ್ತು.

ಕೋನ ಬಿಟ್ಟು ಎಕ್ಸ್ ಜೊತೆ ಎಕ್ಸ್, ವೈ ಜೊತೆ ವೈ ಕೂಡಬೇಕು. ಎಕ್ಸ್ ಅಂದರೆ ಪೂರ್ವಕ್ಕೆ ಎಷ್ಟು, ವೈ ಅಂದರೆ ಉತ್ತರಕ್ಕೆ ಎಷ್ಟು; ಪಶ್ಚಿಮ, ದಕ್ಷಿಣವಾದರೆ ಮೈನಸ್. ಮೊದಲನೆಯದು ಪೂರ್ವಕ್ಕೆ 2, ಉತ್ತರಕ್ಕೆ 1. ಎರಡನೆಯದು ಪಶ್ಚಿಮಕ್ಕೆ 5, ಉತ್ತರಕ್ಕೆ 3. ಕೂಡಿದರೆ ಪಶ್ಚಿಮಕ್ಕೆ 3, ಉತ್ತರಕ್ಕೆ 4. ಉದ್ದ 5. ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ.

ಈಗ ದಿಕ್ಕಿಗಾಗಿ ವೈಯನ್ನು ಎಕ್ಸ್‌ನಿಂದ, ಅಂದರೆ 4ನ್ನು ಮೈನಸ್ 3ರಿಂದ ಭಾಗಿಸಿ, ಆ ಭಾಗಲಬ್ಧದಿಂದ ಕೋನ ಕೊಡುವ ಟ್ಯಾನ್ ಇನ್ವರ್ಸ್ ಬಟನ್ ಒತ್ತಲಿ. ಕ್ಯಾಲ್ಕುಲೇಟರ್ ಮೈನಸ್ 53.13 ಅನ್ನುತ್ತದೆ. ಅದು ಆಗ್ನೇಯದ ಕಡೆ. ನಮ್ಮ ಬಾಣ ಇರುವುದು ವಾಯವ್ಯದಲ್ಲಿ. ಮನೆ ಕಟ್ಟುವಾಗ ಅಡುಗೆಮನೆ ಆಗ್ನೇಯಕ್ಕೇ ಬರಬೇಕು ಅಂತ ಮೇಸ್ತ್ರಿಯ ತಲೆ ತಿಂದವನು ನೀನು, ಇದನ್ನು ನೀನೇ ಹಿಡಿಯಬಹುದಿತ್ತು ಮಾರಾಯ.

ತಪ್ಪು ಕ್ಯಾಲ್ಕುಲೇಟರ್‌ನದಲ್ಲ. ಭಾಗಿಸಿದ ಕೂಡಲೇ ಮೈನಸ್ ಮೇಲಿನದೋ ಕೆಳಗಿನದೋ ಅನ್ನುವುದು ಅಳಿಸಿಹೋಗುತ್ತದೆ. ಟ್ಯಾನ್ ಇನ್ವರ್ಸ್ ಯಾವಾಗಲೂ ಮೈನಸ್ 90ರಿಂದ 90ರ ಒಳಗೇ ಉತ್ತರ ಕೊಡುತ್ತದೆ, ಅಂದರೆ ಪೂರ್ವದ ಅರ್ಧ ಮಾತ್ರ. ಎಕ್ಸ್ ಮೈನಸ್ ಇದ್ದರೆ ನಾವೇ 180 ಕೂಡಬೇಕು. ಇಲ್ಲಿ 126.87. ಎಕ್ಸ್ ಸೊನ್ನೆಯಾದರೆ ಭಾಗಿಸಲೇ ಬರುವುದಿಲ್ಲ, ಬಾಣ ಮೇಲಕ್ಕಿದೆಯೋ ಕೆಳಕ್ಕಿದೆಯೋ ನೋಡಿದರೆ ಸಾಕು. ಪಿಯುಸಿಯಲ್ಲಿ ನಾನೂ ಈ 180 ಮರೆತು ಮಾರ್ಕ್ಸ್ ಕಳೆದುಕೊಂಡವನೇ. ಬಟನ್ ಒತ್ತುವ ಮೊದಲು ಮೂಲೆಯಲ್ಲಿ ಸುಮ್ನೆ ಒಂದು ಬಾಣ ಗೀಚಿದ್ದರೆ ಉಳಿಯುತ್ತಿತ್ತು.

ಕಂಪ್ಯೂಟರಿನಲ್ಲಿ ಇದಕ್ಕೇ ಅಟ್ಯಾನ್2 ಅಂತ ಒಂದು ಫಂಕ್ಷನ್ ಇದೆ. ಎಕ್ಸ್, ವೈ ಎರಡನ್ನೂ ಬೇರೆ ಬೇರೆ ಕೊಡುವುದರಿಂದ ಮೈನಸ್ ಕಳೆದುಹೋಗುವುದಿಲ್ಲ. ಆದರೆ ಪೈಥಾನ್ ಮೊದಲು ವೈ ಕೇಳುತ್ತದೆ, ಎಕ್ಸೆಲ್ ಮೊದಲು ಎಕ್ಸ್. ಸಾಲದ್ದಕ್ಕೆ ಉತ್ತರ ಡಿಗ್ರಿಯಲ್ಲಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿ!

ಅವಳಿಗೊಂದು ಲೆಕ್ಕ: ಅದೇ ಎರಡು ಬಾಣಗಳನ್ನೂ ನೇರ ವಿರುದ್ಧ ದಿಕ್ಕಿಗೆ ತಿರುಗಿಸಿ ಕೂಡಲಿ. ಕ್ಯಾಲ್ಕುಲೇಟರ್ ಮತ್ತೆ ಮೈನಸ್ 53.13 ಅಂತಲೇ ಹೇಳುತ್ತದೆ. ಈ ಸಲ 180 ಕೂಡಬೇಕೋ ಬೇಡವೋ? ಉತ್ತರ ಅವಳೇ ಫೋನ್ ಮಾಡಿ ಹೇಳಲಿ, ನೀನು ಬಾಯಿ ಹಾಕಬೇಡ.

ನಿನ್ನ,
ಸುರೇಶ