ಮಿರಗ (ಜೂನ್ ಮೊದಲಿನ ಮಳಿ) ಕೂಡೂದ್ರೊಳಗ ನೀರಿನ ಗುರುತು ಹಾಕಸ್ರಿ, ಮನಿ ವಿಮಾದ ಕ್ಯಾಂಪ್ ಮಾಡ್ರಿ: ಹೊಳಿದಂಡಿ ಓಣಿಯವರ ಮನವಿ

ಗೆ,
ಮಾನ್ಯ ಅಧ್ಯಕ್ಷರು, ಸರ್ವ ಸದಸ್ಯರು ಹಾಗೂ ಪಿಡಿಓ ಸಾಹೇಬ್ರು,
ನಮ್ಮ ಗ್ರಾಮ ಪಂಚಾಯ್ತಿ

ವಿಷಯ: ಮಲಪ್ರಭಾ ಹೊಳಿ ನೀರು ಯಾವ ಮನಿಗೆ ಎಷ್ಟು ಬರ್ತೈತಿ ಅನ್ನೋದನ್ನ ದಫ್ತರದಾಗ ಬರೆಸೋದು ಮತ್ತ ಮನಿ ವಿಮಾ ಬಗ್ಗೆ ಜನರಿಗೆ ತಿಳಿಸೋದರ ಕುರಿತು.

ಮಾನ್ಯರೇ,

ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ನಾವು ಓಣಿಯವರೆಲ್ಲ ಕೂಡಿ ಬರಕೊಳ್ಳೋದೇನಂದ್ರ, ಪ್ರತಿ ಮಳಿಗಾಲದಾಗ ನವಿಲುತೀರ್ಥ ಡ್ಯಾಮಿಂದ ಇಷ್ಟು ಸಾವಿರ ಕ್ಯೂಸೆಕ್ಸ್ ಬಿಟ್ಟಾರ, ಹೊಳಿ ಕಡೆ ಯಾರೂ ಹೋಗಬ್ಯಾಡ್ರಿ ಅಂತ ನೀವು ಡಂಗುರ ಹೊಡಸ್ತೀರಿ, ವಾಟ್ಸಾಪಿಗೂ ಹಾಕ್ತೀರಿ, ಅದು ಚಲೋನ ಐತಿ. ಆದ್ರ ಆ ಕ್ಯೂಸೆಕ್ಸ್ ನಮಗ ತಿಳಿಯಂಗಿಲ್ರಿ. ಸೆಕೆಂಡಿಗೆ ಒಂದು ಘನ ಅಡಿ ನೀರು ಅಂತ ಸಾಲಿ ಹುಡುಗ್ರು ಹೇಳ್ತಾವ, ಖರೆ, ಆದ್ರ 20 ಸಾವಿರ ಬಿಟ್ರ ಹಣಮಪ್ಪನ ಗುಡಿ ಎಷ್ಟನೇ ಪಾವಟಿಗಿಗೆ ಬರ್ತೈತಿ, 40 ಸಾವಿರ ಬಿಟ್ರ ಯಾರ ಹೊಸ್ತಿಲ ದಾಟ್ತೈತಿ ಅನ್ನೋದು ಊರಾಗ ಯಾರಿಗೂ ಗೊತ್ತಿಲ್ಲ, ಪಂಚಾಯ್ತಿ ದಫ್ತರದಾಗೂ ಬರದಿಟ್ಟಿಲ್ಲ.

ಡ್ಯಾಮಿನ ತಾಕತ್ತು 37.73 ಟಿಎಂಸಿ, ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ ನೀರು. ಖಾನಾಪುರದ ಕಣಕುಂಬಿ ಕಡೆ ಜೋರ ಮಳಿ ಹಿಡದು ಡ್ಯಾಮ್ ತುಂಬಿ ಬಂತಂದ್ರ ಗೇಟ್ ಎತ್ತಲೇಬೇಕು, ಇಲ್ಲಿ ನಮ್ಮ ಊರಾಗ ಬಿಸಲ ಬಿದ್ದಿರ್ತೈತಿ, ಬಣಿವಿ ಒಟ್ಟತಿರ್ತೀವಿ, ಮರುದಿನ ಬಾಗಲದಾಗ ನೀರು. ಇನ್ನ ಬೆಣ್ಣಿಹಳ್ಳಕ್ಕ ಅಂತೂ ಗೇಟೂ ಇಲ್ಲ ಲೆಕ್ಕಾನೂ ಇಲ್ಲ, ಹುಬ್ಬಳ್ಳಿ ನವಲಗುಂದ ಕಡೆ ಮಳಿ ಆದ್ರ ಅದು ಬಂದು ಹೊಳಿಗೆ ಕೂಡ್ತೈತಿ, ಕೂಡಿದ ಜಾಗದ ಕೆಳಗಿರೋ ನಮಗ ಎರಡೂ ನೀರು ಕಟ್ಟಿಟ್ಟ ಬುತ್ತಿ. ಡಂಗುರದಾಗ ಬರೇ ಡ್ಯಾಮಿನ ನೀರಿನ ಸುದ್ದಿ ಇರ್ತೈತಿ.

2009ರಾಗ ಬಂದಾಗ ಹಿರ್ಯಾರು ಇದು ನೂರು ವರ್ಷಕ್ಕೊಮ್ಮೆ ಬರೋ ನೀರು, ಇನ್ನ ನಮ್ಮ ಮೊಮ್ಮಕ್ಕಳ ಕಾಲಕ್ಕ ನೋಡೋಣು ಅಂದಿದ್ರು. ಹತ್ತ ವರ್ಷಕ್ಕ, 2019ರ ಆಗಸ್ಟಿಗೆ, ಮತ್ತ ಬಂತು, ಪಟ್ಟದಕಲ್ಲಿನ ಗುಡಿಗೋಳಾಗೂ ನೀರು ಹೊಕ್ಕಿತ್ತು. ನಮ್ಮ ಓಣಿ ಹುಡುಗ ಒಬ್ಬಾಂವ ಅಮೆರಿಕದಾಗ ಹಳ್ಳಿ ಕಡೆ ಒಂದು ಕೌಂಟಿಯಾಗ ಮನಿ ತಗೊಂಡಾನ, ಅಂವ ಫೋನಿನಾಗ ಬಿಡಿಸಿ ಹೇಳಿದ, ನೂರು ವರ್ಷದ ನೀರು ಅಂದ್ರ ನೂರು ವರ್ಷ ಸುಮ್ನಿರ್ತೈತಿ ಅಂತಲ್ಲ, ಪ್ರತಿ ವರ್ಷಾನೂ ಬರೋ ಸಂಭವ ನೂರಕ್ಕ ಒಂದು ಇರ್ತೈತಿ ಅಂತ, 30 ವರ್ಷದ ಮನಿ ಸಾಲ ತೀರಿಸೋದ್ರಾಗ ಒಮ್ಮೆರ ಬರೋ ಸಂಭವ ನೂರಕ್ಕ 26. ಅಲ್ಲಿ ಸರ್ಕಾರದ ನಕಾಶೆದಾಗ ಮನಿ ಯಾವ ವಲಯದಾಗ ಐತಿ ನೋಡಿ, ಅಪಾಯದ ಜಾಗ ಇದ್ರ ಬ್ಯಾಂಕಿನವರು ಪ್ರವಾಹದ ವಿಮಾ ಇಲ್ದ ಸಾಲಾನ ಕೊಡಂಗಿಲ್ಲಂತ, 1968ರಿಂದ ಅದಕ್ಕ ಸರ್ಕಾರದ್ದ ಯೋಜನೆ ಐತಿ. ನಾವು ನಕಾಶೆ ಕೇಳಾಕತ್ತಿಲ್ರಿ, ಗ್ವಾಡಿ ಮ್ಯಾಲೆ ಒಂದು ಗೆರಿ ಕೇಳಾಕತ್ತೀವಿ. 2009ರಾಗ ಗುಡಿ ಗ್ವಾಡಿ ಮ್ಯಾಲೆ ಯಾರೋ ಪೇಂಟಿನ್ಲೆ ಗೆರಿ ಎಳದಿದ್ರು, ಜಾತ್ರಿಗೆ ಬಣ್ಣ ಹೊಡಿವಾಗ ಅದನ್ನೂ ಅಳಿಸಿಬಿಟ್ರು!

ಪರಿಹಾರದ ಹಣೇಬರಹ ನಿಮಗೂ ಗೊತ್ತೈತಿ. 2019ರಾಗ ಸರ್ಕಾರ ಪೂರ್ತಿ ಬಿದ್ದ ಮನಿಗೆ 5 ಲಕ್ಷ ಅಂತು, ಮನಿ ಎಷ್ಟು ಬಿದ್ದೈತಿ ನೋಡಿ ಎ, ಬಿ, ಸಿ ಅಂತ ಪಾಲು ಮಾಡಿದ್ರು, ಸಿ ಅಂದ್ರ ಎಲ್ಲಾಕ್ಕಿಂತ ಕಡಿಮಿ. ನಮ್ಮದು ಮಣ್ಣಿನ ಮಾಳಗಿ ಮನಿ. ನೀರು ನಿಂತಾಗ ಗ್ವಾಡಿ ಬೀಳಂಗಿಲ್ರಿ, ನೀರ ಹಿಡಕೊಂಡು ನಿಂತಿರ್ತೈತಿ, ಇಳಿದು ಬಿಸಲು ಬಿದ್ದ ಮ್ಯಾಲೆ ಬಿರಿತೈತಿ. ಸರ್ವೇದವರು ಬಂದಾಗ ಪಡಸಾಲಿ ಗ್ವಾಡಿಗೆ ಕೈ ಹೊಕ್ಕುವಷ್ಟು ಬಿರುಕು ಇತ್ತು, ಸಿ ಅಂತ ಬರಕೊಂಡು ಫೋಟೋ ಹೊಡಕೊಂಡು ಹ್ವಾದ್ರು, ನಾಲ್ಕನೇ ದಿನ ರಾತ್ರಿ ಜಂತಿ ಸಮೇತ ಕುಂತಬಿಡ್ತು. ಹಗೇದಾಗಿನ ಜ್ವಾಳ ಕೊಳತು ನಾರಾಕತ್ತಿತ್ತು, ಅದರ ಲೆಕ್ಕ ಯಾವ ಫಾರ್ಮಿನಾಗೂ ಇರಲಿಲ್ಲ. ಮತ್ತ ಆ 5 ಲಕ್ಷ ಕಾಯಂ ನಿಯಮ ಅಲ್ಲ. 2022ರಾಗ ಬಂದ ವಿಪತ್ತು ನಿಧಿ ನಿಯಮದಾಗ ಬಯಲುನಾಡಿನ ಪೂರ್ತಿ ಬಿದ್ದ ಮನಿಗೆ 1.20 ಲಕ್ಷ, ಅಷ್ಟಕ್ಕ ಇವತ್ತ ಸ್ಲ್ಯಾಬ್ ತನಾನೂ ಮುಟ್ಟಂಗಿಲ್ಲ.

ಅದಕ್ಕ ವಿಮಾದ ಮಾತು ಬಂತು. ವಿಮಾ ಅಂದ್ರ ಮಂದಿ ಬೆಳಿ ವಿಮಾ ಅಂತ ತಿಳಕೊಂಡಾರ, ಅದು ಹೊಲಕ್ಕಷ್ಟ, ಮನಿಗೆ ಹತ್ತಂಗಿಲ್ಲ. ಮನಿಗೆ ಬ್ಯಾರೆ ಐತಿ, ಭಾರತ ಗೃಹ ರಕ್ಷಾ ಅಂತ, 2021ರ ಏಪ್ರಿಲ್ 1ರಿಂದ ಎಲ್ಲಾ ಜನರಲ್ ಇನ್ಶೂರನ್ಸ್ ಕಂಪನಿಯವರೂ ಒಂದ ನಮೂನಿ ಕೊಡಬೇಕಂತ ನಿಯಮ ಆಗೈತಿ. ಅಮೆರಿಕದಾಂಗ ಪ್ರವಾಹಕ್ಕ ಬ್ಯಾರೆ ಪಾಲಿಸಿ ಬೇಕಿಲ್ಲ, ಬೆಂಕಿ, ಭೂಕಂಪದ ಜೋಡಿ ನೀರು ಹೊಕ್ಕಿದ್ದೂ ಅದರಾಗ ಬರ್ತೈತಿ. ಜಾಗದ ರೇಟಿಗೆ ಸಂಬಂಧ ಇಲ್ಲ, ಮತ್ತ ಕಟ್ಟಾಕ ಎಷ್ಟು ಬೀಳ್ತೈತಿ ಅದು ಲೆಕ್ಕ: 600 ಚದರಡಿ, ಅಡಿಗೆ 1,500 ಹಿಡದ್ರ 9 ಲಕ್ಷ, ಒಳಗಿನ ಸಾಮಾನಿಗೆ ಅದರ ನೂರಕ್ಕ 20, ಅಂದ್ರ 1.80 ಲಕ್ಷ ತಾನ ಕೂಡಿ ಬರ್ತೈತಿ. ಬಂಗಾರಕ್ಕ ಬ್ಯಾರೆ ಬರೆಸಬೇಕು. ಒಮ್ಮೆ 10 ವರ್ಷದ ತನಾನೂ ಮಾಡಿಸಬಹುದು. ಆದ್ರ ನೀರು ಹೊಸ್ತಿಲಿಗೆ ಬಂದ ಮ್ಯಾಲೆ ಓಡಿ ಹೋಗಿ ಮಾಡಸ್ತೀನಂದ್ರ ನಡಿಯಂಗಿಲ್ಲ, ಅದಕ್ಕ ಮಿರಗ ಕೂಡೂದ್ರೊಳಗ ಅಂದಿದ್ದು. ಬ್ಯಾಂಕ್ ಸಾಲದಾಗ ಮನಿ ಕಟ್ಟಿದವರ ಪೈಕಿ ಒಬ್ಬರಿಗೆ ಬ್ಯಾಂಕಿನವರು ವಿಮಾದ ಕಂತು ಸಾಲದಾಗ ಮುರಕೊಂಡು ಪಾಲಿಸಿ ಮಾಡಿಸಿದ್ದು ಗೊತ್ತಾಗಿದ್ದ ಮನಿ ಬಿದ್ದ ಎರಡು ವರ್ಷಕ್ಕ. ಪಾಲಿಸಿ ಕಾಗದ ಎಲ್ಲೈತಿ ಅಂತ ಎಲ್ಲಾರೂ ಈಗ ಹುಡಕಬೇಕು.

ನಮ್ಮ ಮಾಳಗಿ ಮನಿಗೋಳನ್ನ ತಗೋತಾರೋ ಇಲ್ಲೋ, ಪ್ರೀಮಿಯಂ ಎಷ್ಟು ಅನ್ನೋದನ್ನ ಕಂಪನಿಯವರನ್ನ ಕರಸಿ ಗ್ರಾಮ ಸಭಾದಾಗ ಎಲ್ಲಾರ ಎದುರಿಗೆ ಹೇಳಸ್ರಿ. ಏಜೆಂಟ್ ಮಾತಿಗೆ ಮಣ್ಣಿನ ಗ್ವಾಡಿನ್ನ ಆರ್‌ಸಿಸಿ ಅಂತ ಬರೆಸಿದ್ರ ನಾಳೆ ಕ್ಲೇಮಿನಾಗ ಕುತ್ತಿಗಿಗೆ ಬರ್ತೈತಿ. ಇನ್ನೊಂದು ದೊಡ್ಡ ತೊಡಕು ಉತಾರದ್ದು, ಅಂದ್ರ ಮನಿ ಯಾರ ಹೆಸರಿನಾಗ ಐತಿ ಅನ್ನೋ ಕಾಗದದ್ದು. ಅರ್ಧ ಓಣಿ ಮನಿಗೋಳು ಇನ್ನೂ ತೀರಿಹೋದ ಅಜ್ಜಗೋಳ ಹೆಸರಿನಾಗ ಅದಾವ, ವಾಟ್ನಿ (ಪಾಲು) ಆಗಿಲ್ಲ, ಈ-ಸ್ವತ್ತು (ಪಂಚಾಯ್ತಿ ಕಂಪ್ಯೂಟರ್ ಉತಾರ) ಆಗಿಲ್ಲ. ಪರಿಹಾರಕ್ಕೂ ಅದನ್ನ ಕೇಳ್ತಾರ, ಕ್ಲೇಮಿಗೂ ಮನಿ ಯಾರದು ಅಂತ ಕೇಳ್ತಾರ. ವಾರಸಾ ಅರ್ಜಿ ತಗೊಳ್ಳಾಕ ಓಣ್ಯಾಗ ಎರಡು ದಿನ ಕುಂದ್ರಸ್ರಿ, ನಾವು ಕಾಗದ ತಂದು ಕೊಡ್ತೀವಿ, ಚಾ ನಮ್ದ.

ಗೆರಿ ಹಾಕೋ ಕೆಲಸ ತುಟ್ಟಿ ಅಲ್ಲ. ಗುಡಿ, ಸಾಲಿ, ಅಗಸಿ, ನೀರಿನ ಟಾಕಿ, ನಾಲ್ಕು ಕಡೆ ಕಲ್ಲಿನಾಗ ಕೊರಸ್ರಿ, ಪೇಂಟ್ ಬ್ಯಾಡ. 2009 ಮತ್ತ 2019ರಾಗ ಎಲ್ಲಿತನ ಬಂದಿತ್ತು ಅಂತ ತೋರಸಾಕ ನಮ್ಮ ಹತ್ರ ಫೋಟೋ ಅದಾವ, ನೆನಪಿದ್ದ ಹಿರ್ಯಾರು ಇನ್ನೂ ಅದಾರ. ಇಂಜಿನಿಯರ್ ಕಡೆಯಿಂದ ಲೆವೆಲ್ ಹಿಡಿಸಿ ಯಾವ ಮನಿ ಹೊಸ್ತಿಲ ಗೆರಿಗಿಂತ ಎಷ್ಟು ಫೂಟ್ ಕೆಳಗೈತಿ ಅಂತ ಮನಿ ರಜಿಸ್ಟರಿನಾಗ ಒಂದು ಕಾಲಂ ಕೂಡಸ್ರಿ. ಡಂಗುರ ಹೊಡಿವಾಗ ಕ್ಯೂಸೆಕ್ಸ್ ಜೋಡಿ ಪಾವಟಿಗಿ ಲೆಕ್ಕಾನೂ ಹೇಳ್ರಿ. ಮತ್ತ ಮುಂದಿನ ಸಲ ಸರ್ವೇ ಮಾಡಸಿದ್ರ ನೀರಿಳಿದು ಎಂಟು ದಿನ ಬಿಟ್ಟು ಎರಡನೇ ಸಲ ಬಂದು ನೋಡಬೇಕು ಅಂತ ತಾಲ್ಲೂಕಿಗೆ ಪಂಚಾಯ್ತಿ ಠರಾವು ಪಾಸ್ ಮಾಡಿ ಕಳಸ್ರಿ.

ಬರೋ ಸಭಾದಾಗ ಇದನ್ನ ಅಜೆಂಡಾಕ್ಕ ತಗೊಂಡು, ತಗೊಂಡಿದ್ದಕ್ಕ ನಮಗೊಂದು ಹಿಂಬರಹ ಕೊಡಬೇಕು ಅಂತ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಹೊಳಿದಂಡಿ ಓಣಿ ನಿವಾಸಿಗಳು

ಲಗತ್ತು: ಸಹಿ ಮತ್ತ ಹೆಬ್ಬಟ್ಟಿನ ಹಾಳಿ, 2019ರ ಫೋಟೋಗಳು