ಎಡಿನ್‌ಬರೋಗೆ ಹೊರಟ ಮೇಘಾಗೆ

ಚಿ. ಮೇಘಾಗೆ ದೊಡ್ಡಮ್ಮನ ಆಶೀರ್ವಾದಗಳು.

ಬರುವ ಶನಿವಾರ ಯಾರ್ಕ್‌ನಿಂದ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಒಬ್ಬಳೇ ಹೊರಟಿದ್ದೀಯಂತೆ. ನಿಮ್ಮಮ್ಮನಿಗೆ ಆತಂಕ, ನನಗೆ ಖುಷಿ. ಗೆಳತಿಯರು ಕೈಕೊಟ್ಟರು ಅಂತ ಟಿಕೆಟ್ ರದ್ದು ಮಾಡಬೇಡ. ಒಬ್ಬಳೇ ಇದ್ದರೆ ಒಂದು ಬಂಡೆಯ ಮುಂದೆ ಅರ್ಧ ಗಂಟೆ ನಿಲ್ಲಬಹುದು, ಯಾರೂ ಕೈ ಹಿಡಿದು ಎಳೆಯುವುದಿಲ್ಲ.

ನೀನು ಕಳಿಸಿದ ಪಟ್ಟಿ ನೋಡಿದೆ. ಅಷ್ಟೂ ಜಾಗ ಎರಡು ದಿನದಲ್ಲಿ ಸುತ್ತಿದರೆ ಕಾಲು ನೋಯುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಅರ್ಧದಷ್ಟು ಹೊಡೆದುಹಾಕು. ಆ ಊರನ್ನು ಕಲ್ಲಿನಿಂದ ಶುರು ಮಾಡಿ ನೋಡು.

ರೈಲಿನಲ್ಲಿ ಬಲಗಡೆ ಕಿಟಕಿ ಹಿಡಿ, ಬರ್ವಿಕ್ ಹತ್ತಿರ ಸಮುದ್ರ ಕಾಣುತ್ತದೆ. ವೇವರ್ಲಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಕೋಟೆಗೆ ಓಡಬೇಡ. ಮೊದಲು ಪ್ರಿನ್ಸಸ್ ಸ್ಟ್ರೀಟ್ ಗಾರ್ಡನ್ಸ್‌ಗೆ ಹೋಗಿ ಕೆಳಗಿನಿಂದ ಕೋಟೆಯ ಬಂಡೆ ನೋಡು. ಅದು ಸುಮಾರು 35 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯ ಗಂಟಲಲ್ಲಿ ಹೆಪ್ಪುಗಟ್ಟಿದ ಕಲ್ಲು. ಹಿಮಯುಗದಲ್ಲಿ ಪಶ್ಚಿಮದಿಂದ ಬಂದ ಹಿಮನದಿಗೆ ಅದನ್ನು ಕೊರೆಯಲು ಆಗಲಿಲ್ಲ. ಎರಡೂ ಪಕ್ಕದ ಮೆತ್ತನೆಯ ನೆಲವನ್ನು ಕೆತ್ತಿಕೊಂಡು ಹೋಯಿತು. ಬಂಡೆಯ ಮರೆಯಲ್ಲಿ, ಪೂರ್ವಕ್ಕೆ ಮಾತ್ರ ಬಾಲದ ಹಾಗೆ ಒಂದು ಏಣು ಉಳಿಯಿತು. ರಾಯಲ್ ಮೈಲ್ ಅನ್ನುವ ಬೀದಿ ಆ ಬಾಲದ ಮೇಲೇ ಇದೆ. ಅದಕ್ಕೇ ಕೋಟೆಯಿಂದ ಹೋಲಿರೂಡ್ ಅರಮನೆವರೆಗೆ ಉದ್ದಕ್ಕೂ ಇಳಿಜಾರು, ಅಕ್ಕಪಕ್ಕದ ಓಣಿಗಳೆಲ್ಲ ಕಡಿದಾಗಿ ಕೆಳಗಿಳಿಯುತ್ತವೆ. ಆ ಓಣಿಗಳಿಗೆ ಅಲ್ಲಿ ಕ್ಲೋಸ್ ಅನ್ನುತ್ತಾರೆ. ಹಗಲಲ್ಲಿ ಮನಸ್ಸು ಬಂದ ಕ್ಲೋಸ್‌ಗೆ ನುಗ್ಗು. ಕತ್ತಲಾದ ಮೇಲೆ ದೊಡ್ಡ ಬೀದಿಯಲ್ಲೇ ನಡಿ.

ಕೋಟೆಯ ಒಳಗೆ ಹೋಗಲೇಬೇಕು ಅಂತಿಲ್ಲ. ಟಿಕೆಟ್ ದುಬಾರಿ, ಹೋಗುವುದಾದರೆ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೋ. ಶನಿವಾರ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ತೋಪು ಹಾರಿಸುತ್ತಾರೆ, 1861ರಿಂದ ನಡೆದು ಬಂದ ಪದ್ಧತಿ. ಅದು ಹೊರಗೂ ಕೇಳಿಸುತ್ತದೆ.

ಉಳಿಸಿದ ಸಮಯವನ್ನು ಸಾಲಿಸ್‌ಬರಿ ಕ್ರ್ಯಾಗ್ಸ್ ಅನ್ನುವ ಗುಡ್ಡಕ್ಕೆ ಕೊಡು. ಇದೊಂದನ್ನು ಮಾತ್ರ ನನಗೋಸ್ಕರ ಅಂತಾದರೂ ಮಾಡು. ಭೂವಿಜ್ಞಾನಿ ಜೇಮ್ಸ್ ಹಟನ್ ಅದೇ ಊರಿನವನು, 1726ರಲ್ಲಿ ಹುಟ್ಟಿದವನು. ಎಲ್ಲ ಕಲ್ಲೂ ನೀರಿನಡಿ ತಳಕ್ಕೆ ಕೂತೇ ಆಗಿದ್ದು ಅಂತ ಬಹಳ ಜನ ನಂಬಿದ್ದ ಕಾಲ ಅದು. ಈ ಕಡಿದಾದ ಗುಡ್ಡದಲ್ಲಿ ಪದರಪದರವಾದ ಹಳೆಯ ಕಲ್ಲಿನ ನಡುವೆ ಕರಗಿದ ಕಲ್ಲು ಕೆಳಗಿನಿಂದ ನುಗ್ಗಿ, ಪದರವನ್ನೇ ಎತ್ತಿ ಮುರಿದಿರುವುದನ್ನು ಅವನು ತೋರಿಸಿದ. ಭೂಮಿಗೆ ಕೆಲವು ಸಾವಿರ ವರ್ಷವಲ್ಲ, ಊಹೆಗೂ ನಿಲುಕದಷ್ಟು ವಯಸ್ಸಾಗಿದೆ ಅಂತ ವಾದಿಸಿದ. ನಿಮ್ಮನ್ನೆಲ್ಲ ಚಿಕ್ಕವರಿದ್ದಾಗ ಲಾಲ್‌ಬಾಗಿನ ಬಂಡೆ ಹತ್ತಿಸಿ, ಇದಕ್ಕೆ ಸುಮಾರು 300 ಕೋಟಿ ವರ್ಷ ಅಂತ ಹೇಳುತ್ತಿದ್ದೆನಲ್ಲ, ಹಾಗೆ ಹೇಳುವ ಧೈರ್ಯ ಬಂದಿದ್ದು ಹಟನ್‌ನಂಥವರಿಂದ.

ಕ್ರ್ಯಾಗ್ಸ್ ಬುಡದ ರ್‍ಯಾಡಿಕಲ್ ರೋಡ್ ಅನ್ನುವ ಕಾಲುದಾರಿಯನ್ನು ಕಲ್ಲು ಉರುಳಿದ್ದರಿಂದ 2018ರಲ್ಲಿ ಮುಚ್ಚಿದ್ದರು. ಬೇಲಿಯೋ ಬೋರ್ಡೋ ಕಂಡರೆ ದಾಟಬೇಡ, ದೂರದಿಂದಲೇ ನೋಡು. ಪಕ್ಕದ ಆರ್ಥರ್ಸ್ ಸೀಟ್ ಗುಡ್ಡ 251 ಮೀಟರ್ ಎತ್ತರ, ಅಷ್ಟೇ. ಆದರೆ ತುದಿಯ ಕಲ್ಲು ಸವೆದು ನುಣುಪಾಗಿದೆ, ಮಳೆ ಬಿದ್ದರೆ ಜಾರುತ್ತದೆ. ಹಿಡಿತ ಇರುವ ಬೂಟು ಹಾಕಿಕೋ. ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೋಪಿ ಇರುವ ಜಾಕೆಟ್ಟೇ ಬೇಕು. ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆಯೇ ಹತ್ತಿ ಇಳಿದುಬಿಡು.

ಊಟಕ್ಕೆ ಯೋಚನೆ ಬೇಡ. ಹ್ಯಾಗಿಸ್ ಅನ್ನುವ ಅಲ್ಲಿನ ತಿನಿಸು ಕುರಿಯ ಹೃದಯ, ಲಿವರ್ ಹಾಕಿ ಮಾಡುವುದು. ಕಾಳು, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ಸೂ ಸಿಗುತ್ತದೆ, ಕೇಳಿ ತಗೋ. ಹೋಟೆಲಲ್ಲಿ ಒಬ್ಬಳೇ ಕೂತು ಉಣ್ಣಲು ಸಂಕೋಚ ಪಡಬೇಡ. ಮಳೆ ಜಾಸ್ತಿಯಾದರೆ ನ್ಯಾಷನಲ್ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಕ್ಲೋನ್ ಮಾಡಿದ ಕುರಿ ಡಾಲಿ ಅಲ್ಲೇ ಇದೆ.

ಮ್ಯೂಸಿಯಂ ಹತ್ತಿರವೇ ಗ್ರೇಫ್ರೈಯರ್ಸ್ ಸ್ಮಶಾನ. ಜನ ಬಾಬಿ ಅನ್ನುವ ನಾಯಿಯ ಕಥೆ ಕೇಳಿಕೊಂಡು ಬರುತ್ತಾರೆ. ನೀನು ಹಟನ್‌ನ ಹೆಸರಿನ ಫಲಕ ಹುಡುಕು. ಅವನು 1797ರಲ್ಲಿ ತೀರಿಕೊಂಡ, ಸಮಾಧಿಗೆ ಫಲಕ ಬಂದಿದ್ದು 1947ರಲ್ಲಿ. ಇದು ನನಗೆ ಈಗಲೂ ಬೇಸರ.

ಉಳಿಯುವ ಜಾಗದ ವಿಳಾಸ ಅಮ್ಮನಿಗೆ ಮೊದಲೇ ಕಳಿಸು, ರಾತ್ರಿ ರೂಮಿಗೆ ಬಂದ ಮೇಲೆ ಒಂದು ಮೆಸೇಜ್ ಹಾಕು. ಏನಾದರೂ ತೊಂದರೆಯಾದರೆ 999ಕ್ಕೆ ಫೋನ್ ಮಾಡು. ಕ್ರ್ಯಾಗ್ಸ್ ಫೋಟೋ ಮಾತ್ರ ನನಗೆ ಬೇಕು, ಪದರ ಕಾಣುವ ಹಾಗೆ ತೆಗಿ.

ಇಂತಿ,
ನಿನ್ನ ದೊಡ್ಡಮ್ಮ