ಆ ಶೀಶೆಗೆ ಫಾರ್ಮಾಲಿನ್ ಸುರಿಸಬೇಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಊರಿಗೆ ಊರೇ ವಾಂತಿಭೇದಿಯಿಂದ ಮಲಗಿದಾಗ ಇಲಾಖೆ ಏನು ಮಾಡಬೇಕೆಂಬ ನಿಯಮ ನಿಮಗೆ ಗೊತ್ತು. ಟ್ಯಾಂಕ್ ತೊಳೆಸುತ್ತೀರಿ, ಬ್ಲೀಚಿಂಗ್ ಪೌಡರ್ ಹಾಕಿಸುತ್ತೀರಿ, ಹೈಡ್ರೋಜನ್ ಸಲ್ಫೈಡ್ ಬಾಟಲಿಯ ನೀರು ಕಪ್ಪಾಗದಿದ್ದರೆ ನೀರು ಸರಿಯಿದೆ ಎನ್ನುತ್ತೀರಿ. ಆ ಬಾಟಲಿ ತೋರಿಸುವುದು ಬ್ಯಾಕ್ಟೀರಿಯಾವನ್ನು. ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ನೀರಲ್ಲಿದ್ದರೂ ಅದು ತಿಳಿಯಾಗಿಯೇ ನಿಲ್ಲಬಹುದು. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದರೆ ಸಾಕೆಂಬುದು ನಮ್ಮ ಮಾನದಂಡ. ಈ ಜೀವಿಗೆ ಲೀಟರಿಗೆ 1 ಮಿಲಿಗ್ರಾಂ ಕೊಟ್ಟರೂ ಸಾವಿರಕ್ಕೆ 999 ಸಾಯಲು ಹತ್ತು ದಿನ ಬೇಕು.

ಕೇಳುವುದು ಒಂದೇ: ರೋಗಿಯ ಮಲದ ಮಾದರಿಯಲ್ಲಿ ಒಂದು ಪಾಲನ್ನಾದರೂ, ಮಾದರಿ ಕೆಡದಿರಲೆಂದು ಹಾಕುವ ಫಾರ್ಮಾಲಿನ್ ಎಂಬ ರಾಸಾಯನಿಕ ಮುಟ್ಟಿಸದೆ ಎತ್ತಿಡಿಸಿ.

ಫಾರ್ಮಾಲಿನ್ ಸೂಕ್ಷ್ಮದರ್ಶಕಕ್ಕೆ ಒಳ್ಳೆಯದು, ಡಿಎನ್‌ಎಗೆ ವಿಷ. ಅದು ಎಳೆಗಳನ್ನು ಬೆಸೆದು ತುಂಡರಿಸುತ್ತದೆ. ಈ ಪರಾವಲಂಬಿಯ ಉಪಜಾತಿ ಗುರುತಿಸಲು ಅದರ ಜಿಪಿ60 ಎಂಬ ಜೀನಿನ ಸುಮಾರು 800 ಅಕ್ಷರಗಳನ್ನು ಒಂದೇ ಉದ್ದಕ್ಕೆ ಓದಬೇಕು. ತುಂಡಾದ ಎಳೆಯಲ್ಲಿ ಆ ಜೀನನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಏಳುವುದೇ ಇಲ್ಲ. ಬದಲಿಗೆ ಎರಡು ಮಿಲಿಲೀಟರ್‌ನ ತಿರುಪು ಮುಚ್ಚಳದ ಟ್ಯೂಬು, ಕಡಲೆಕಾಳಿನಷ್ಟು ಮಲ, ಮೇಲೆ ಶೇ. 2.5ರ ಪೊಟ್ಯಾಸಿಯಂ ಡೈಕ್ರೋಮೇಟ್, 4 ಡಿಗ್ರಿ ಫ್ರಿಜ್ಜು. ಆ ಕಿತ್ತಳೆ ದ್ರಾವಣ ಪಿಸಿಆರ್ ತಡೆಯುತ್ತದೆ, ಡಿಎನ್‌ಎ ತೆಗೆಯುವ ಮುಂಚೆ ನೀರಲ್ಲಿ ಮೂರ್ನಾಲ್ಕು ಸಲ ತೊಳೆಯಬೇಕು. ಊಸಿಸ್ಟಿನ, ಅಂದರೆ ಮಲದಲ್ಲಿ ಹೊರಬರುವ ಈ ಪರಾವಲಂಬಿಯ ಮೊಟ್ಟೆಯಂಥ ರೂಪದ, ಗೋಡೆ ಗಟ್ಟಿ. ಹೆಪ್ಪುಗಟ್ಟಿಸಿ ಕರಗಿಸುವುದನ್ನು ಹಲವು ಸಲ ಮಾಡಬೇಕು, ಇಲ್ಲವೇ ಗಾಜಿನ ಮಣಿ ಹಾಕಿ ಕುಲುಕಿ ಒಡೆಯಬೇಕು. ಇಷ್ಟಾದ ಮೇಲೂ ಪಿಸಿಆರ್ ಖಾಲಿ ಬಂದರೆ ರೋಗಾಣು ಇಲ್ಲವೆಂದು ಬರೆಯಬಾರದು. ಮಲದ ಪಿತ್ತಲವಣವೇ ತಡೆದಿರಬಹುದು. ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿ ನೋಡಬೇಕು.

ಉಪಜಾತಿ ತಿಳಿದು ಏನು ಪ್ರಯೋಜನ ಎನ್ನುವವರಿಗೆ 2008ರ ಜೂನ್‌ನಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನಲ್ಲಿ ನಡೆದದ್ದನ್ನು ಹೇಳಿ. ಪಿಟ್ಸ್‌ಫರ್ಡ್ ಶುದ್ಧೀಕರಣ ಘಟಕದ ನೀರಲ್ಲಿ ಊಸಿಸ್ಟ್ ಕಂಡಿತು, ಸುಮಾರು ಎರಡೂವರೆ ಲಕ್ಷ ಜನರಿಗೆ ಕುದಿಸಿ ಕುಡಿಯಿರಿ ಎಂದರು. ಘಟಕದ ತೊಟ್ಟಿಯೊಂದರಲ್ಲಿ ಸತ್ತ ಮೊಲ ಸಿಕ್ಕಿತು. ಮೊಲದ ಕರುಳು, ನೀರು, ರೋಗಿಗಳ ಮಲ ಮೂರರಲ್ಲೂ ಮೊಲದ ಜಾತಿಯ ಕ್ರಿಪ್ಟೋ, ಒಂದೇ ಉಪಜಾತಿ, ವಿಎಎ18. ಅಮೆರಿಕದ ಮಿಲ್ವಾಕಿಯಲ್ಲಿ 1993ರಲ್ಲಿ ಇದೇ ಪರಾವಲಂಬಿಯಿಂದ ಅಂದಾಜು 4,03,000 ಜನ ಕಾಯಿಲೆ ಬಿದ್ದಾಗ ಮೊದಲು ಅನುಮಾನ ಹೋದದ್ದು ದನಗಳ ಮೇಲೆ. ಎತ್ತಿಟ್ಟಿದ್ದ ಮಾದರಿಗಳನ್ನು ವರ್ಷಗಳ ನಂತರ ಪರೀಕ್ಷಿಸಿ ಬಗೆ ಗುರುತಿಸಿದಾಗ ಸಿಕ್ಕಿದ್ದು ಮನುಷ್ಯರ ಬಗೆ, ಅಂದರೆ ಚರಂಡಿಯ ಕಡೆಯ ಸುಳಿವು. ಎತ್ತಿಟ್ಟಿದ್ದರಿಂದ ಸಿಕ್ಕಿತು, ಸ್ವಾಮಿ!

ನಮ್ಮಲ್ಲಿ ಕೆರೆಯ ಏರಿ ಮೇಲೆ ಕೊಟ್ಟಿಗೆ, ಕೆಳಗೆ ಕೊಳವೆ, ಪಕ್ಕದಲ್ಲೇ ಮೋರಿ. ಕರುವಿನ ಭೇದಿಯೋ, ಮೋರಿಯ ನೀರೋ? ಕರುಗಳಲ್ಲಿ ಹೆಚ್ಚು ಕಾಣುವ ಐಐಎಎ15ಜಿ2ಆರ್1 ಎಂಬ ಉಪಜಾತಿ ಬಂದರೆ ಒಂದು ದಾರಿ, ಮನುಷ್ಯರಲ್ಲಿ ಹೆಚ್ಚು ಕಾಣುವ ಹೋಮಿನಿಸ್ ಜಾತಿ ಬಂದರೆ ಇನ್ನೊಂದು. ಉಪಜಾತಿಯೊಂದೇ ಸಾಕ್ಷಿಯಲ್ಲ ನಿಜ. ಹೋಮಿನಿಸ್‌ನ ಐಬಿಎ10ಜಿ2 ಉಪಜಾತಿ ಹಲವು ದೇಶಗಳಲ್ಲಿ ಕಾಣುತ್ತದೆ, ಹಾಗಾಗಿ ಯಾವ ಮನೆ ಯಾವ ಲೈನಿನ ನೀರು ಕುಡಿಯಿತೆಂಬ ಪಟ್ಟಿ ಜೊತೆಗಿರಬೇಕು. ಆದರೆ ಮಾದರಿಯೇ ಹಾಳಾದರೆ ಪಟ್ಟಿ ಇಟ್ಟುಕೊಂಡು ಏನು ಮಾಡುವುದು?

ನೀರಿನದೂ ಇದೇ ಕಥೆ. ಸೋಂಕು ತಗಲಿ ಭೇದಿ ಶುರುವಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಕೆಟ್ಟ ನೀರು ಹರಿದುಹೋಗಿರುತ್ತದೆ. ನೀವು ಮೊದಲು ಟ್ಯಾಂಕ್ ತೊಳೆಸಿ, ಆಮೇಲೆ ಒಂದು ಬಾಟಲಿ ನೀರು ಕಳಿಸುತ್ತೀರಿ. ದಯವಿಟ್ಟು ತಿರುವುಮುರುವು ಮಾಡಿ: ತೊಳೆಯುವ ಮುನ್ನ ಟ್ಯಾಂಕಿನ ತಳದ ಕೆಸರು, ಪೈಪಿನ ಕೊನೆಯ ನಲ್ಲಿಯಿಂದ ಕನಿಷ್ಠ 10 ಲೀಟರ್. ಊಸಿಸ್ಟಿನ ಅಳತೆ 4ರಿಂದ 6 ಮೈಕ್ರಾನ್. ನೀರನ್ನು ಒಂದು ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದರೆ ಮೇಲೆ ಉಳಿಯುತ್ತದೆ.

ಮಾಮೂಲಿ ಮಲಪರೀಕ್ಷೆಯಲ್ಲಿ ಇದು ಯೀಸ್ಟಿನಂತೆ ಕಂಡು ಜಾರಿಹೋಗುತ್ತದೆ. ಆ್ಯಸಿಡ್-ಫಾಸ್ಟ್ ಎಂಬ, ಊಸಿಸ್ಟನ್ನು ಎತ್ತಿ ತೋರಿಸುವ ಬಣ್ಣ ಹಾಕಲು ಚೀಟಿಯಲ್ಲಿ ಬರೆದೇ ಕೇಳಬೇಕು. ವರ್ಷವರ್ಷವೂ ‘ಕಾರಣ ತಿಳಿದಿಲ್ಲ’ ಎಂದು ಓದಿ ಸಾಕಾಗಿದೆ. ತಿಳಿಯುವ ದಾರಿಯನ್ನು ನಾವೇ ಶೀಶೆಯಲ್ಲಿ ಕೊಂದು ತಿಳಿದಿಲ್ಲ ಎನ್ನುವುದು ಅನ್ಯಾಯ.

ಈ ಮುಂಗಾರಿಗೆ ಮುಂಚೆ ಎಲ್ಲ ಜಿಲ್ಲಾ ಸರ್ವೇಕ್ಷಣಾಧಿಕಾರಿಗಳಿಗೂ ಒಂದು ಸುತ್ತೋಲೆ ಹೊರಡಿಸಿ. ಭೇದಿ ಪ್ರಕರಣದ ಪ್ರತಿ ಮಾದರಿಯಲ್ಲೂ ಒಂದು ಪಾಲು ಡೈಕ್ರೋಮೇಟಿನಲ್ಲಿ, ಫಾರ್ಮಾಲಿನ್ ಇಲ್ಲದೆ, ಫ್ರಿಜ್ಜಿನಲ್ಲಿ.

ಇಂತಿ,
ನೀರು ಮತ್ತು ಪರಾವಲಂಬಿಗಳ ಪರೀಕ್ಷೆಯ ಕೆಲಸ ಬಲ್ಲ ಒಬ್ಬ ನಾಗರಿಕ